ತಾಲ್ಲೂಕಿನ ಪಕ್ಷಿವೀಕ್ಷಕರ ಸಂಘ ನೋಂದಣಿ: ಬೈಲಾದಲ್ಲಿ ಏನೇನು ಇರಬೇಕು?

ಕೆರೆಯಂಗಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಸುತ್ತಲಿನ ತಾಲ್ಲೂಕುಗಳ ಸಣ್ಣಪುಟ್ಟ ಕೆರೆಗಳ ಕಡೆಗೂ ಜನರ ಗಮನ ಹರಿದಿದೆ. ಅಂಥದೊಂದು ತಾಲ್ಲೂಕಿನಲ್ಲಿ ನಮ್ಮದೊಂದು ಪಕ್ಷಿವೀಕ್ಷಕರ ಬಳಗವಿದೆ. ಶಾಲಾ ಶಿಕ್ಷಕರು, ರೈತರು, ಕಾಲೇಜು ವಿದ್ಯಾರ್ಥಿಗಳು, ನಿವೃತ್ತ ನೌಕರರು ಎಲ್ಲರೂ ಇದ್ದಾರೆ. ಇದುವರೆಗೆ ಒಂದು ವಾಟ್ಸಾಪ್ ಗುಂಪಿನ ಮೂಲಕವೇ ಭಾನುವಾರದ ವೀಕ್ಷಣೆ, ಜನವರಿಯ ನೀರುಹಕ್ಕಿ ಗಣತಿ ಮತ್ತು ಶಾಲಾ ಮಕ್ಕಳ ಶಿಬಿರಗಳನ್ನು ನಡೆಸಿಕೊಂಡು ಬಂದಿದ್ದೇವೆ.

ಈಗ ಊರಿನ ದಾನಿಗಳೊಬ್ಬರು ದುರ್ಬೀನುಗಳನ್ನೂ ದೂರದ ಹಕ್ಕಿಗಳನ್ನು ನೋಡುವ ಒಂದು ಸ್ಪಾಟಿಂಗ್ ಸ್ಕೋಪನ್ನೂ ಕೊಡಿಸಲು ಮುಂದೆ ಬಂದಿದ್ದಾರೆ. ಸಂಘ ನೋಂದಣಿಯಾಗಿರಬೇಕು ಎಂಬುದು ಅವರ ಒಂದೇ ಷರತ್ತು. ಅಮೆರಿಕದಲ್ಲಿ ನೆಲೆಸಿರುವ ನಮ್ಮೂರಿನವರೊಬ್ಬರು ಮಕ್ಕಳ ಶಿಬಿರಕ್ಕೆ ಹಣ ಕಳುಹಿಸುವುದಾಗಿ ಹೇಳಿದ್ದಾರೆ. ಸದ್ಯಕ್ಕೆ ನಾವು ಪಕ್ಕದ ಊರಿನ ಯುವಕ ಸಂಘವೊಂದರ ಬೈಲಾವನ್ನು ತಂದು, ಹೆಸರು ಮತ್ತು ಉದ್ದೇಶ ಬದಲಾಯಿಸಿ ಕರಡು ಸಿದ್ಧಪಡಿಸಿಕೊಂಡಿದ್ದೇವೆ. ಆದರೆ ಅದನ್ನು ಓದಿದಷ್ಟೂ ನಮ್ಮ ಕೆಲಸಕ್ಕೆ ಅದು ಹೊಂದುವುದಿಲ್ಲ ಎನಿಸುತ್ತಿದೆ.

ಸಂಘವಾಗಿ ನೋಂದಾಯಿಸುವುದು ಒಳ್ಳೆಯದೋ, ಟ್ರಸ್ಟ್ ಮಾಡುವುದು ಒಳ್ಳೆಯದೋ ಎಂಬುದು ನಮ್ಮ ಮೊದಲ ಸಂದೇಹ. ಗುಂಪಿನಲ್ಲಿರುವ ಎಲ್ಲರಿಗೂ ಮತದಾನದ ಹಕ್ಕು ಕೊಡಬೇಕೇ ಎಂಬ ವಿಷಯದಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿದೆ. ಗೂಡಿನ ಬಳಿ ಹೇಗಿರಬೇಕು, ಛಾಯಾಗ್ರಹಣ ಎಷ್ಟರಮಟ್ಟಿಗೆ ಸರಿ ಎಂಬಂಥ ನಿಯಮಗಳನ್ನು ಬೈಲಾದಲ್ಲಿಯೇ ಬರೆಯಬೇಕೋ ಅಥವಾ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕೋ ಎಂಬುದೂ ತೀರ್ಮಾನವಾಗಿಲ್ಲ. ಇಂಥ ಸಂಘಗಳನ್ನು ನಡೆಸಿ ಅನುಭವವಿರುವವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಕಾರ್ಯದರ್ಶಿ

ನಮಸ್ಕಾರ. ಬೇರೆ ಬೇರೆ ಸಂಘಗಳಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ.

ಟ್ರಸ್ಟ್ ಮಾಡುವುದು ಸುಲಭ. ಉಪನೋಂದಣಿ ಕಚೇರಿಯಲ್ಲಿ ಒಂದು ಪತ್ರ ನೋಂದಾಯಿಸಿದರೆ ಮುಗಿಯಿತು. ಆದರೆ ಅಲ್ಲಿ ಅಧಿಕಾರವೆಲ್ಲ ಟ್ರಸ್ಟಿಗಳ ಕೈಯಲ್ಲಿರುತ್ತದೆ. ವಾರವಾರ ಕೆರೆಗೆ ಬಂದು ಹಕ್ಕಿ ಎಣಿಸುವ ಸದಸ್ಯನಿಗೆ ಅವರನ್ನು ಪ್ರಶ್ನಿಸಲು ಸಭೆಯೆಂಬುದೇ ಇರುವುದಿಲ್ಲ. ನಿಮ್ಮದು ಬಳಗವಾಗಿಯೇ ಬೆಳೆದು ಬಂದಿರುವುದರಿಂದ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿ ನೋಂದಾಯಿಸುವುದೇ ಸೂಕ್ತ. ಅದಕ್ಕೆ ಹದಿನೆಂಟು ವರ್ಷ ಮೀರಿದ ಏಳು ಜನರು ಸಾಕು. ಅರ್ಜಿಯನ್ನು ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಯಲ್ಲಿ ವಿಚಾರಿಸಿದರೆ ಮಾಹಿತಿ ಸಿಗುತ್ತದೆ.

ಇಲ್ಲಿ ದಾಖಲೆಗಳು ಎರಡು ಎಂಬುದನ್ನು ಮರೆಯಬೇಡಿ. ಸಂಘದ ಹೆಸರು, ಉದ್ದೇಶ, ಕಾರ್ಯವ್ಯಾಪ್ತಿ ಇವೆಲ್ಲ ಜ್ಞಾಪನಾ ಪತ್ರದಲ್ಲಿರುತ್ತವೆ. ಸಂಘ ನಡೆಯುವ ಕ್ರಮವನ್ನು ಹೇಳುವುದು ನಿಯಮಾವಳಿ, ಅಂದರೆ ನಾವು ಬೈಲಾ ಎಂದು ಕರೆಯುವುದು. ಎರಡನ್ನೂ ಮುಂದೆ ತಿದ್ದಬಹುದಾದರೂ ಅದಕ್ಕೆ ಸಭೆ, ಠರಾವು, ಕಚೇರಿಯ ಓಡಾಟ ಎಲ್ಲವೂ ಬೇಕಾಗುತ್ತದೆ. ಆದ್ದರಿಂದ ವರ್ಷವರ್ಷವೂ ಬದಲಾಗಬಹುದಾದ ಸದಸ್ಯತ್ವ ಶುಲ್ಕದ ಮೊತ್ತ, ವೀಕ್ಷಣೆಯ ಸಮಯ, ಗಣತಿಯ ವಿಧಾನ ಇಂಥವನ್ನು ಅಂಕಿ ಸಮೇತ ಬೈಲಾಕ್ಕೆ ಸೇರಿಸಬೇಡಿ. ಶುಲ್ಕವನ್ನು ವಾರ್ಷಿಕ ಮಹಾಸಭೆ ನಿಗದಿಪಡಿಸತಕ್ಕದ್ದು ಎಂದಷ್ಟೇ ಬರೆದರೆ ಸಾಕು.

ಮತದಾನದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾನು ಕಂಡ ಜಗಳಗಳಲ್ಲಿ ಬಹುಪಾಲು ಹುಟ್ಟಿದ್ದು ಇಲ್ಲಿಂದಲೇ. ವಾಟ್ಸಾಪ್ ಗುಂಪಿನಲ್ಲಿ ಇದ್ದವರೆಲ್ಲ ಸದಸ್ಯರಲ್ಲ. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಸಮಿತಿಯು ಅಂಗೀಕರಿಸಿ, ಸದಸ್ಯತ್ವ ಪುಸ್ತಕದಲ್ಲಿ ಹೆಸರು ಬರೆಸಿಕೊಂಡವರು ಮಾತ್ರ ಸದಸ್ಯರು ಎಂಬ ಮಾತು ಬೈಲಾದಲ್ಲಿ ಸ್ಪಷ್ಟವಾಗಿ ಇರಲಿ. ಮಹಾಸಭೆಗೆ ಇಂತಿಷ್ಟು ದಿನ ಮೊದಲು ಶುಲ್ಕ ಪಾವತಿಸಿದವರಿಗೆ ಮಾತ್ರ ಮತದಾನದ ಹಕ್ಕು ಎಂದು ಒಂದು ಗಡುವನ್ನೂ ಹಾಕಿ. ನನ್ನ ಅಭಿಪ್ರಾಯದಲ್ಲಿ ಒಂದು ತಿಂಗಳು ಸರಿಯಾದೀತು. ಈ ಗಡುವು ಇಲ್ಲದ ಸಂಘಗಳಲ್ಲಿ ಚುನಾವಣೆಯ ಬೆಳಗ್ಗೆ ಯಾರೋ ಒಬ್ಬರು ಹತ್ತಿಪ್ಪತ್ತು ಜನರ ಶುಲ್ಕವನ್ನು ತಾವೇ ಕಟ್ಟಿ, ಹಕ್ಕಿಯ ಗರಿಯನ್ನೂ ನೋಡದವರನ್ನು ಕರೆತಂದು ಕೂರಿಸುತ್ತಾರೆ. ವಿದ್ಯಾರ್ಥಿಗಳಿಗೆ ಕಡಿಮೆ ಶುಲ್ಕದ ಸಹ ಸದಸ್ಯತ್ವ ಕೊಡಬಹುದು. ಹದಿನೆಂಟು ತುಂಬದವರಿಗೆ ಮತವಿರುವುದಿಲ್ಲ ಎಂಬುದನ್ನು ಅಲ್ಲಿಯೇ ಹೇಳಿಬಿಡಿ.

ಕೋರಂ, ಅಂದರೆ ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸದಸ್ಯರ ಸಂಖ್ಯೆಯ ವಿಷಯದಲ್ಲಿ ಉತ್ಸಾಹದಿಂದ ಅರ್ಧದಷ್ಟು ಸದಸ್ಯರು ಎಂದು ಬರೆದರೆ ಮೂರನೆಯ ವರ್ಷಕ್ಕೇ ಸಭೆ ನಡೆಸಲು ಕಷ್ಟವಾಗುತ್ತದೆ. ಕಡಿಮೆ ಪ್ರಮಾಣ ಇಟ್ಟುಕೊಳ್ಳಿ. ಕೋರಂ ಇಲ್ಲದಿದ್ದರೆ ಅರ್ಧ ಗಂಟೆಯ ನಂತರ ಅದೇ ಸ್ಥಳದಲ್ಲಿ ಮುಂದೂಡಿದ ಸಭೆ ನಡೆಸಬಹುದೆಂದೂ, ಆದರೆ ಅಂಥ ಸಭೆಯಲ್ಲಿ ಬೈಲಾ ತಿದ್ದುಪಡಿಯನ್ನಾಗಲಿ ಸಂಘದ ವಿಸರ್ಜನೆಯನ್ನಾಗಲಿ ಕೈಗೆತ್ತಿಕೊಳ್ಳಬಾರದೆಂದೂ ಸೇರಿಸಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಮೂರು ಸ್ಥಾನಗಳಲ್ಲಿ ಒಬ್ಬರೇ ಸತತವಾಗಿ ಎರಡು ಅವಧಿಗಿಂತ ಹೆಚ್ಚು ಇರಬಾರದು ಎಂಬ ಮಿತಿ ಬೇಕೇ ಬೇಕು. ಸ್ಥಾಪಕರ ಮೇಲೆ ಎಷ್ಟೇ ಗೌರವವಿದ್ದರೂ ಈ ಮಿತಿಗೆ ವಿನಾಯಿತಿ ಕೊಡಬೇಡಿ.

ಮಹಾಸಭೆಯನ್ನು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಇಟ್ಟುಕೊಂಡರೆ ಲೆಕ್ಕಪರಿಶೋಧನೆಯೂ ಮುಗಿದಿರುತ್ತದೆ, ಚಳಿಗಾಲದ ವಲಸೆ ಹಕ್ಕಿಗಳು ಬರುವ ಮೊದಲು ಹೊಸ ಸಮಿತಿ ಕೆಲಸವನ್ನೂ ಆರಂಭಿಸಬಹುದು. ಸಭೆ ನಡೆದ 14 ದಿನಗಳೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದು ಕಾರ್ಯದರ್ಶಿಯ ಹೊಣೆ ಎಂದು ಬೈಲಾದಲ್ಲಿ ಹೆಸರಿಸಿ ಬರೆಯಿರಿ. ಎಷ್ಟೋ ಒಳ್ಳೆಯ ಸಂಘಗಳು ಈ ಒಂದು ಕಾಗದವನ್ನು ವರ್ಷಗಟ್ಟಲೆ ಬಾಕಿ ಉಳಿಸಿಕೊಂಡು, ಅನುದಾನಕ್ಕೆ ಅರ್ಜಿ ಹಾಕುವ ಹೊತ್ತಿಗೆ ಪರದಾಡುತ್ತವೆ.

ನಡವಳಿಕೆಯ ನಿಯಮಗಳನ್ನು ಬೈಲಾದಿಂದ ಹೊರಗೆ, ಪ್ರತ್ಯೇಕ ಕೈಪಿಡಿಯಲ್ಲಿ ಇಡುವುದೇ ಮೇಲು ಎಂಬುದು ನನ್ನ ಅನಿಸಿಕೆ.

ಜಮಾಖರ್ಚು

ಮೇಲಿನ ಉತ್ತರದಲ್ಲಿ ಹೇಳಿರುವುದನ್ನು ಪೂರ್ತಿಯಾಗಿ ಒಪ್ಪುತ್ತಾ, ಹಣಕಾಸಿಗೆ ಸಂಬಂಧಿಸಿದ ಅಂಶಗಳನ್ನು ಮಾತ್ರ ಸೇರಿಸುತ್ತೇನೆ.

ಜ್ಞಾಪನಾ ಪತ್ರದಲ್ಲಿ ಉದ್ದೇಶಗಳನ್ನು ಬರೆಯುವಾಗ ‘ಸದಸ್ಯರಲ್ಲಿ ಪಕ್ಷಿವೀಕ್ಷಣೆಯ ಹವ್ಯಾಸವನ್ನು ಬೆಳೆಸುವುದು’ ಎಂದು ಆರಂಭಿಸಬೇಡಿ. ಸದಸ್ಯರ ಹವ್ಯಾಸಕ್ಕಾಗಿ ಇರುವ ಕೂಟವನ್ನು ಆದಾಯ ತೆರಿಗೆ ಇಲಾಖೆ ದತ್ತಿ ಸಂಸ್ಥೆಯೆಂದು ಪರಿಗಣಿಸುವುದು ಕಷ್ಟ. ದತ್ತಿ ಉದ್ದೇಶ ಎಂಬುದರ ವ್ಯಾಖ್ಯೆಗೆ 2009ರ ತಿದ್ದುಪಡಿಯಲ್ಲಿ ಜಲಾನಯನ ಪ್ರದೇಶ, ಅರಣ್ಯ ಮತ್ತು ವನ್ಯಜೀವಿಗಳೂ ಸೇರಿದಂತೆ ಪರಿಸರದ ಸಂರಕ್ಷಣೆಯನ್ನು ಪ್ರತ್ಯೇಕವಾಗಿಯೇ ಸೇರಿಸಲಾಗಿದೆ. ನಿಮ್ಮ ಮೊದಲ ಉದ್ದೇಶ ಆ ಮಾತುಗಳಿಗೆ ಹತ್ತಿರವಾಗಿರಲಿ. ಗಣತಿ, ಶಿಬಿರ, ವೀಕ್ಷಣೆ ಇವೆಲ್ಲವೂ ಅದನ್ನು ಸಾಧಿಸುವ ಮಾರ್ಗಗಳಾಗಿ ಅದರ ಕೆಳಗೆ ಬರಲಿ. ಸಂಘ ವಿಸರ್ಜನೆಯಾದರೆ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ವರ್ಗಾಯಿಸತಕ್ಕದ್ದು ಎಂಬ ನಿಯಮವೂ ಇರಬೇಕು. ನಿಮ್ಮ ಕೈಯಲ್ಲಿರುವ ಯುವಕ ಸಂಘದ ಬೈಲಾದಲ್ಲಿ ಇದು ಇದೆಯೇ ಎಂದು ನೋಡಿ.

ಬ್ಯಾಂಕ್ ಖಾತೆಯನ್ನು ಮೂವರಲ್ಲಿ ಯಾರಾದರೂ ಇಬ್ಬರ ಜಂಟಿ ಸಹಿಯಲ್ಲಿ ನಡೆಸಿ, ಆ ಮೂವರಲ್ಲಿ ಯಾವ ಇಬ್ಬರೂ ಒಂದೇ ಕುಟುಂಬದವರಾಗಿರಬಾರದು ಎಂದು ಬರೆಯಿರಿ. ಈಗಿನ ಕಾಲಕ್ಕೆ ಇನ್ನೊಂದು ನಿಯಮ ಅಷ್ಟೇ ಮುಖ್ಯ. ಶಿಬಿರದ ದಿನ ಮೇಜಿನ ಮೇಲೆ ಇಡುವ ಕ್ಯೂಆರ್ ಕೋಡ್ ಸಂಘದ ಖಾತೆಯದ್ದೇ ಆಗಿರಬೇಕು. ಅನುಕೂಲಕ್ಕೆಂದು ಖಜಾಂಚಿಯ ಸ್ವಂತ ಫೋನ್ ನಂಬರಿಗೆ ಹಣ ಹಾಕಿಸಿಕೊಂಡರೆ ಅವರ ಮನೆಯ ಹಾಲಿನ ಬಾಕಿ ಯಾವುದು, ಸಂಘದ ದೇಣಿಗೆ ಯಾವುದು ಎಂದು ಬಿಡಿಸುವುದರಲ್ಲಿ ಪ್ರಾಮಾಣಿಕ ವ್ಯಕ್ತಿಯ ಹೆಸರೂ ಕೆಡುತ್ತದೆ. ಮುಂದೆ 80ಜಿ ಎಂದೇ ರೂಢಿಯಲ್ಲಿರುವ, ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ ಪಡೆಯುವ ಆಲೋಚನೆ ಇದ್ದರೆ, 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ದಾನಿಗೆ ತೆರಿಗೆ ವಿನಾಯಿತಿ ದೊರೆಯುವುದಿಲ್ಲ ಎಂಬುದನ್ನೂ ತಿಳಿದಿರಿ.

ಅಮೆರಿಕದಲ್ಲಿರುವ ನಿಮ್ಮೂರಿನವರ ಹಣದ ವಿಷಯದಲ್ಲಿ ಎಚ್ಚರ ವಹಿಸಬೇಕು. ಅವರು ಇಂದಿಗೂ ಭಾರತದ ನಾಗರಿಕರಾಗಿದ್ದು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಅವರು ನಿಮ್ಮ ಓಣಿಯಲ್ಲಿಯೇ ಹುಟ್ಟಿ ಬೆಳೆದವರಾಗಿದ್ದರೂ, ಸಾಗರೋತ್ತರ ಭಾರತೀಯ ಕಾರ್ಡ್ ಹೊಂದಿದ್ದರೂ, ಅದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಹಣ ಬರುವ ಮೊದಲೇ ಅವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಮನಬಿಚ್ಚಿ ಕೇಳಿ. ಕಾರಣ ಹೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಮಲೆನಾಡ ಪಿಕಳಾರ

ಹಳೆಯ ಕಾರ್ಯದರ್ಶಿಯವರ ಉತ್ತರದಲ್ಲಿ ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ಸಮ್ಮತ. ನಡವಳಿಕೆಯ ನಿಯಮಗಳು ಪೂರ್ತಿಯಾಗಿ ಬೈಲಾದ ಹೊರಗೆ ಇದ್ದರೆ ಅವುಗಳಿಗೆ ಬಲವಿರುವುದಿಲ್ಲ ಎಂಬುದನ್ನು ನಾವು ನಮ್ಮ ಬಳಗದಲ್ಲಿಯೇ ಕಂಡಿದ್ದೇವೆ.

ಕಾಫಿ ತೋಟದ ಬೇಲಿಯಲ್ಲಿ ಕೆಮ್ಮೀಸೆ ಪಿಕಳಾರವೊಂದು ಗೂಡು ಕಟ್ಟಿತ್ತು. ನೆಲದಿಂದ ಎದೆಯೆತ್ತರದಲ್ಲಿ, ಎಲೆಗಳ ಮರೆಯಲ್ಲಿ ಇದ್ದ ಸಣ್ಣ ಬಟ್ಟಲಿನಂಥ ಗೂಡು. ಸದಸ್ಯರೊಬ್ಬರು ತಾಯಿಹಕ್ಕಿ ಮರಿಗೆ ಉಣಿಸುವ ಚಿತ್ರ ಸ್ಪಷ್ಟವಾಗಿ ಬರಲೆಂದು ಮುಂದಿನ ನಾಲ್ಕಾರು ಕಡ್ಡಿಗಳನ್ನು ಕತ್ತರಿಯಿಂದ ಕತ್ತರಿಸಿದರು. ಮಧ್ಯಾಹ್ನದ ಬಿಸಿಲು ನೇರವಾಗಿ ಮರಿಗಳ ಮೇಲೆ ಬೀಳತೊಡಗಿತು. ಮರೆ ಹೋದ ಗೂಡು ಕೆಂಬೂತದ ಕಣ್ಣಿಗೂ ಬಿತ್ತು. ಮಾರನೆಯ ದಿನ ಗೂಡು ಖಾಲಿಯಾಗಿತ್ತು. ಅವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಸಮಿತಿ ಸೇರಿದಾಗ, ‘ಕೈಪಿಡಿ ಕೇವಲ ಸಲಹೆ, ಬೈಲಾದ ಯಾವ ನಿಯಮವನ್ನು ನಾನು ಮುರಿದಿದ್ದೇನೆ?’ ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಬೈಲಾದಲ್ಲಿ ಮೂರು ವಿಷಯಗಳಾದರೂ ಇರಲೇಬೇಕು. ನಡವಳಿ ಸಂಹಿತೆಯು ಎಲ್ಲ ಸದಸ್ಯರಿಗೂ ಬದ್ಧವಾಗಿದ್ದು ಅದನ್ನು ಅಂಗೀಕರಿಸುವ ಮತ್ತು ತಿದ್ದುವ ಅಧಿಕಾರ ಮಹಾಸಭೆಯದು ಎಂಬುದು ಒಂದು. ಅದನ್ನು ಉಲ್ಲಂಘಿಸಿದವರ ಸದಸ್ಯತ್ವವನ್ನು ಅಮಾನತು ಅಥವಾ ರದ್ದು ಮಾಡಬಹುದೆಂಬುದು ಇನ್ನೊಂದು. ಆದರೆ ಲಿಖಿತ ನೋಟಿಸು ನೀಡಿ, ವಿವರಣೆ ಕೇಳಿ, ಖುದ್ದಾಗಿ ಮಾತನಾಡಲು ಅವಕಾಶ ಕೊಟ್ಟ ನಂತರವೇ ಹಾಗೆ ಮಾಡಬೇಕು, ದೂರು ಕೊಟ್ಟವರು ತೀರ್ಮಾನಿಸುವವರ ಸಾಲಿನಲ್ಲಿ ಕೂರಬಾರದು ಮತ್ತು ಮಹಾಸಭೆಗೆ ಮೇಲ್ಮನವಿ ಸಲ್ಲಿಸುವ ಹಕ್ಕಿರಬೇಕು ಎಂಬುದು ಮೂರನೆಯದು. ಈ ಕ್ರಮವನ್ನು ಪಾಲಿಸದೆ ತೆಗೆದುಹಾಕಿದರೆ, ತಪ್ಪು ಮಾಡಿದವರೇ ಅನ್ಯಾಯಕ್ಕೊಳಗಾದವರಂತೆ ನಿಲ್ಲುತ್ತಾರೆ.

ಸಂಹಿತೆಯೊಳಗೆ ಏನಿರಬೇಕು ಎಂಬುದಕ್ಕೆ ಕಾನೂನೇ ಆಧಾರ ಕೊಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ವ್ಯಾಖ್ಯೆಯೊಳಗೇ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು ಮತ್ತು ಮೊಟ್ಟೆಗಳಿಗೆ ಅಥವಾ ಗೂಡಿಗೆ ತೊಂದರೆ ಕೊಡುವುದು ಸೇರಿವೆ. ಗೂಡಿನ ಚಿತ್ರ ತೆಗೆಯಬಾರದು ಎಂದು ನೇರವಾಗಿ ಬರೆದುಬಿಡಿ. ಅಂತರ ಇಷ್ಟಿರಬೇಕು, ಸಮಯ ಇಷ್ಟಿರಬೇಕು ಎಂದು ಚೌಕಾಶಿಗೆ ಎಡೆ ಕೊಟ್ಟರೆ ಅದು ದಿನದಿನಕ್ಕೆ ಸಡಿಲವಾಗುತ್ತದೆ. ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯುವುದನ್ನೂ ನಿಷೇಧಿಸಿ. ತನ್ನ ಸರಹದ್ದಿಗೆ ಇನ್ನೊಂದು ಗಂಡು ಬಂದಿದೆಯೆಂದು ಭ್ರಮಿಸಿ ಬರುವ ಹಕ್ಕಿ ಮೇವು, ಮರಿ ಎಲ್ಲವನ್ನೂ ಬಿಟ್ಟು ಬಂದಿರುತ್ತದೆ. ಗೂಬೆ, ಹದ್ದುಗಳ ಗೂಡಿರುವ ಜಾಗವನ್ನು ಯಾವ ಗುಂಪಿನಲ್ಲಿಯೂ ಹಂಚಬಾರದು. ಹಕ್ಕಿ ಕಂಡ ದಾಖಲೆಗಳನ್ನು ಸಂಗ್ರಹಿಸುವ ಇ-ಬರ್ಡ್ ಜಾಲತಾಣವೂ ಕೆಲವು ಸೂಕ್ಷ್ಮ ಪ್ರಭೇದಗಳು ಕಂಡ ನಿಖರ ಸ್ಥಳವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ.

ಮಕ್ಕಳ ಶಿಬಿರ ನಡೆಸುವವರು ನೀವು. ಪೋಷಕರ ಲಿಖಿತ ಒಪ್ಪಿಗೆ, ಯಾವಾಗಲೂ ಕನಿಷ್ಠ ಇಬ್ಬರು ವಯಸ್ಕರ ಉಪಸ್ಥಿತಿ, ದೂರು ಸ್ವೀಕರಿಸಲು ಒಬ್ಬ ಗೊತ್ತಾದ ವ್ಯಕ್ತಿ, ಇವಿಷ್ಟು ಬೈಲಾದಲ್ಲಿಯೇ ಇರಲಿ.

ಕೆರೆಯಂಗಳ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಮ್ಮ ಕರಡಿನಲ್ಲಿ ವಿಸರ್ಜನೆಯ ನಿಯಮವೇ ಇಲ್ಲ ಎಂಬುದು ಈಗ ನೋಡಿದಾಗ ತಿಳಿಯಿತು. ಸದಸ್ಯತ್ವ ರದ್ದತಿಗೆ ‘ಅಧ್ಯಕ್ಷರ ತೀರ್ಮಾನವೇ ಅಂತಿಮ’ ಎಂಬ ಒಂದು ಸಾಲು ಮಾತ್ರ ಇದೆ, ಅದನ್ನು ತೆಗೆಯುತ್ತೇವೆ.

ಇನ್ನೊಂದು ಸಂದೇಹ ಉಳಿದಿದೆ. ಕೆರೆಯ ದಂಡೆಯ ಹಳ್ಳಿಯವರು ನಮ್ಮ ಸದಸ್ಯರಲ್ಲ, ಆದರೆ ಹಕ್ಕಿಗಳು ಮೇಯುವುದು ಅವರ ಹೊಲಗಳಲ್ಲಿ. ಹೆಬ್ಬಾತುಗಳು ಇಳಿದ ಹೊಲದ ರೈತರು ನಮ್ಮನ್ನು ಕಂಡಾಗಲೆಲ್ಲ ಬೆಳೆಯ ಮಾತನ್ನೇ ಎತ್ತುತ್ತಾರೆ. ಅದು ನ್ಯಾಯವೂ ಹೌದು. ಇವರಿಗೆ ಸಂಘದ ಆಡಳಿತದಲ್ಲಿ ಸ್ಥಾನ ಕೊಡುವುದು ಹೇಗೆ? ಹಾಗೆಯೇ ನಮ್ಮ ಉತ್ಸಾಹಿ ಸದಸ್ಯರೊಬ್ಬರು ಕೆರೆಯ ಬಳಿ ಛಾಯಾಗ್ರಾಹಕರಿಗಾಗಿ ಹೋಮ್‌ಸ್ಟೇ ಆರಂಭಿಸುತ್ತಿದ್ದಾರೆ. ಅವರು ಸಮಿತಿಯಲ್ಲಿ ಇರಬಹುದೇ?

ಶಿಂಷಾ ತೀರ

ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರನ್ನು ಬಲ್ಲವನಾಗಿ ಉತ್ತರಿಸುತ್ತಿದ್ದೇನೆ. ಅಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳ ಮೇಲೆ, ಮನೆಗಳ ಪಕ್ಕದಲ್ಲಿಯೇ. ಮರ ಖಾಸಗಿಯವರದು, ಹುಣಸೆಯ ಫಸಲು ಅವರ ಆದಾಯ. ಆ ಮನೆಗಳವರು ಮರವನ್ನು ಉಳಿಸಿಕೊಂಡದ್ದರಿಂದಲೇ ಹಕ್ಕಿಗಳು ಉಳಿದಿವೆ, ಮತ್ತು ಆ ಊರು ಸಮುದಾಯ ಮೀಸಲು ಪ್ರದೇಶವಾಗಿದೆ. ಗೂಡಿನಿಂದ ಬಿದ್ದ ಮರಿಗಳ ಆರೈಕೆಗೆ ಮುಂದಾದ ಹೆಜ್ಜಾರ್ಲೆ ಬಳಗವೂ ಊರಿನವರದೇ. ಪೇಟೆಯಿಂದ ದುರ್ಬೀನು ಹಿಡಿದು ಬರುವ ನಾವು ಅಲ್ಲಿ ಅತಿಥಿಗಳು ಮಾತ್ರ.

ಆದ್ದರಿಂದ ಕಾರ್ಯಕಾರಿ ಸಮಿತಿಯಲ್ಲಿ ಎರಡು ಸ್ಥಾನಗಳನ್ನು ಕೆರೆ ಅಚ್ಚುಕಟ್ಟಿನ ರೈತರಿಗೆ ಮತ್ತು ದಂಡೆಯ ಹಳ್ಳಿಗಳ ನಿವಾಸಿಗಳಿಗೆ ಮೀಸಲಿಡಿ, ಅವರಿಗೆ ಶುಲ್ಕ ಬೇಡ, ಆದರೆ ಮತದ ಹಕ್ಕು ಪೂರ್ಣವಾಗಿರಲಿ. ಆಹ್ವಾನಿತರು ಎಂದು ಕರೆದು ಹಿಂದಿನ ಸಾಲಿನಲ್ಲಿ ಕೂರಿಸುವುದರಿಂದ ಏನೂ ಆಗುವುದಿಲ್ಲ. ವರ್ಷಕ್ಕೆ ಒಂದು ಸಮಿತಿ ಸಭೆಯನ್ನಾದರೂ ಆ ಹಳ್ಳಿಯ ಶಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ನಡೆಸಬೇಕೆಂದು ಬೈಲಾದಲ್ಲಿಯೇ ಬರೆಯಿರಿ. ಬೆಳೆ ನಷ್ಟದ ಪರಿಹಾರ ಕೊಡುವ ಶಕ್ತಿ ಸಂಘಕ್ಕಿಲ್ಲದಿದ್ದರೂ, ರೈತರ ಅರ್ಜಿಯನ್ನು ಅರಣ್ಯ ಇಲಾಖೆಗೆ ಮುಟ್ಟಿಸಿ ಅದರ ಬೆನ್ನು ಹತ್ತುವ ಕೆಲಸವನ್ನು ಸಂಘ ಮಾಡಬಹುದು. ಅದನ್ನು ಉದ್ದೇಶಗಳಲ್ಲಿಯೂ ಸೇರಿಸಬಹುದು.

ಹೋಮ್‌ಸ್ಟೇ ನಡೆಸುವವರು ಸಮಿತಿಯಲ್ಲಿ ಇರಬಹುದು, ಆದರೆ ಹಿತಾಸಕ್ತಿಯನ್ನು ಲಿಖಿತವಾಗಿ ಘೋಷಿಸಿರಬೇಕು. ಕೆರೆಯ ಪ್ರವೇಶ, ಪ್ರವಾಸಿಗರು, ವೀಕ್ಷಣಾ ಮರೆ, ಮಾರ್ಗದರ್ಶಕರ ಸಂಭಾವನೆ ಇಂಥ ವಿಷಯ ಬಂದಾಗ ಅವರು ಸಭೆಯಿಂದ ಹೊರಗೆ ಹೋಗಬೇಕು, ಹಾಗೆ ಹೋದದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಸಂಘದ ಹೆಸರನ್ನು ಸ್ವಂತ ವ್ಯಾಪಾರದ ಜಾಹೀರಾತಿಗೆ ಬಳಸುವಂತಿಲ್ಲ. ಮೀನು ಹಿಡಿಯುವ ಗುತ್ತಿಗೆ ಪಡೆದವರಿಗೂ, ಕೆರೆ ಹೂಳೆತ್ತುವ ಕಾಮಗಾರಿ ಮಾಡುವವರಿಗೂ ಇದೇ ನಿಯಮ ಅನ್ವಯಿಸಲಿ.

ಹಳೆಯ ಕಾರ್ಯದರ್ಶಿ

ಮಲೆನಾಡಿನವರು ಹೇಳಿದ ಪಿಕಳಾರದ ಪ್ರಸಂಗ ಓದಿದ ಮೇಲೆ ಅವರ ಮಾತೇ ಸರಿಯೆನಿಸುತ್ತದೆ. ಸಂಹಿತೆ ಪ್ರತ್ಯೇಕವಾಗಿರಲಿ, ಆದರೆ ಅದಕ್ಕೆ ಬಲ ಬೈಲಾದಿಂದ ಬರಲಿ. ಕರಡಿಗೆ ಅನುಕೂಲವಾಗಲೆಂದು ಒಂದು ನಿಯಮವನ್ನು ಬರೆದು ಕೊಡುತ್ತಿದ್ದೇನೆ, ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ:

‘ಮಹಾಸಭೆಯು ಅಂಗೀಕರಿಸಿದ ಪಕ್ಷಿವೀಕ್ಷಣಾ ನಡವಳಿ ಸಂಹಿತೆಯು ಎಲ್ಲ ವರ್ಗದ ಸದಸ್ಯರಿಗೂ ಸಂಘದ ಕಾರ್ಯಕ್ರಮಗಳಲ್ಲಿ ಭಾಗವಹಿಸುವ ಅತಿಥಿಗಳಿಗೂ ಬದ್ಧವಾಗಿರತಕ್ಕದ್ದು. ಸದಸ್ಯತ್ವದ ಅರ್ಜಿಯೊಂದಿಗೆ ಸಂಹಿತೆಯ ಪ್ರತಿಗೆ ಸಹಿ ಹಾಕಿ ಸಲ್ಲಿಸತಕ್ಕದ್ದು. ಸಂಹಿತೆಯ ಉಲ್ಲಂಘನೆಯನ್ನು ಈ ನಿಯಮಾವಳಿಯ ಉಲ್ಲಂಘನೆಯೆಂದೇ ಪರಿಗಣಿಸತಕ್ಕದ್ದು.’

ದಾನಿಗಳು ಕೊಡುವ ದುರ್ಬೀನು ಮತ್ತು ಸ್ಕೋಪುಗಳಿಗೂ ಒಂದು ದಾಸ್ತಾನು ಪುಸ್ತಕ ಇಡಬೇಕೆಂಬ ನಿಯಮ ಸೇರಿಸಿ. ಸಾಧನ ಯಾರ ಮನೆಯಲ್ಲಿದೆ, ಯಾವಾಗ ಒಯ್ದರು, ಯಾವ ಸ್ಥಿತಿಯಲ್ಲಿ ಮರಳಿತು ಎಂಬುದಕ್ಕೆ ಸಹಿ ಇರಲಿ. ಮಳೆಗಾಲದಲ್ಲಿ ಸ್ಕೋಪನ್ನು ಚೀಲದಲ್ಲಿ ಹಾಗೆಯೇ ಕಪಾಟಿನೊಳಗೆ ಇಟ್ಟರೆ ಗಾಜಿನೊಳಗೆ ಬೂಸ್ಟು ಹಿಡಿಯುತ್ತದೆ, ಆಮೇಲೆ ಅದನ್ನು ಬಿಚ್ಚಿ ಶುಚಿಗೊಳಿಸುವವರು ಜಿಲ್ಲಾ ಕೇಂದ್ರದಲ್ಲಿಯೂ ಸಿಗುವುದು ಕಷ್ಟ. ಗಾಳಿಯಾಡದ ಡಬ್ಬ ಮತ್ತು ಸಿಲಿಕಾ ಜೆಲ್ ಪೊಟ್ಟಣಗಳ ಖರ್ಚನ್ನು ಮೊದಲ ವರ್ಷದ ಆಯವ್ಯಯದಲ್ಲಿಯೇ ತೋರಿಸಿ. ಕರಡು ಸಿದ್ಧವಾದ ಮೇಲೆ ಇಲ್ಲಿ ಹಾಕಿದರೆ ಕೋರಂ ಮತ್ತು ಚುನಾವಣೆಯ ಭಾಗವನ್ನು ನಾನು ನೋಡಿ ಕೊಡುತ್ತೇನೆ.